ಅಪ್ಪ ಒಂಬತ್ತು, ಸಾಸಿವೆ ಸೊನ್ನೆ

ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿ ಅವನಿಗೆ ಗೋಂದು ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಮನುಷ್ಯರನ್ನು ಅಳೆಯುವುದು ಚೆನ್ನಾಗಿ ಗೊತ್ತಿತ್ತು. ಒಂದು ಮನೆಯ ಹೊಸ್ತಿಲಿಗೆ ಅಂಟಿಕೊಂಡನೆಂದರೆ ಜಪ್ಪಯ್ಯ ಅಂದರೂ ಬಿಡುವ ಆಸಾಮಿಯಲ್ಲ. ಏಳು ಸಲ 'ಬೇಡ' ಅನ್ನಿಸಿಕೊಳ್ಳದೆ ಯಾವ ಬಾಗಿಲನ್ನೂ ಬಿಟ್ಟು ಬರಬಾರದು ಎಂಬುದು ಕಂಪನಿಯ ನಿಯಮ. ಉಳಿದವರು ಮೂರನೆಯ ಬೇಡಕ್ಕೆ ಮುಖ ಸಪ್ಪೆ ಮಾಡಿಕೊಂಡು, ನಾಲ್ಕನೆಯದಕ್ಕೆ ಗೇಟು ದಾಟಿ, ಆಫೀಸಿಗೆ ಬಂದು ಏಳಾಯಿತು ಎಂದು ಸುಳ್ಳು ಹೇಳುತ್ತಿದ್ದರು. ಗೋಂದು ಹಾಗಲ್ಲ. ಏಳನೆಯ ಬೇಡ ಬರುವ ಹೊತ್ತಿಗೆ ಅವನು ಆ ಮನೆಯ ಅಡುಗೆಕೋಣೆಯಲ್ಲಿ ಮಂಡಿಯೂರಿ ಕೂತು, ನಲ್ಲಿಗೆ ಕೊಳವೆ ಸಿಕ್ಕಿಸುತ್ತಾ, "ಖಂಡಿತ ಬೇಡ ಮೇಡಂ, ಯಾರು ತಗೊಳಿ ಅಂದ್ರು, ಸುಮ್ನೆ ಒಂದ್ಸಲ ನೋಡಿ" ಅನ್ನುತ್ತಿರುತ್ತಿದ್ದ.

ಈಗ ಅವನು ಬೀದಿ ಸುತ್ತುವುದು ಕಡಿಮೆ, ಹೊಸಬರಿಗೆ ಕಲಿಸುವುದೇ ಹೆಚ್ಚು. ಆಫೀಸಿನ ಎರಡನೆಯ ಮಹಡಿಯಲ್ಲಿ ಒಂದು ಉದ್ದನೆಯ ಹಾಲ್, ಅದರ ನಟ್ಟನಡುವೆ ಗೋಡೆಯೇ ಇಲ್ಲದ ಒಂದು ಬಾಗಿಲು. ಚೌಕಟ್ಟಿದೆ, ಚಿಲಕವಿದೆ, ಬೆಲ್ಲಿದೆ, ಹಿಂದೆ ಮನೆ ಮಾತ್ರ ಇಲ್ಲ. ಹೊಸಬರು ದಿನವಿಡೀ ಆ ಬಾಗಿಲಿನ ಬೆಲ್ಲು ಒತ್ತಬೇಕು, ಗೋಂದು ಮನೆಯೊಡತಿಯಾಗಿ ಬಾಗಿಲು ತೆಗೆದು ಬೇಡ ಅನ್ನಬೇಕು. ಬೇಡ ಅನ್ನಲು ಗಿರಾಕಿಗಳು ಹೇಳುವ ಕಾರಣ ನಲವತ್ತೆರಡು ಎಂದು ಅವನು ಲೆಕ್ಕ ಹಿಡಿದಿದ್ದ. ಒಂದೊಂದಕ್ಕೂ ಒಂದೊಂದು ಉತ್ತರ ಬರೆದು ಪುಸ್ತಕವನ್ನೇ ಮಾಡಿದ್ದ. "ಗಿರಾಕಿ ಕಾರಣ ಹೇಳಿದ ಅಂದ್ರೆ ಅರ್ಧ ಕೊಂಡ ಅಂತ ಅರ್ಥ. ಕಾರಣ ಅನ್ನೋದು ಪಾತ್ರೆಯ ಹಿಡಿ ಇದ್ದ ಹಾಗೆ. ಹಿಡ್ಕೊಂಡು ಎತ್ತೋದಷ್ಟೇ ನಮ್ಮ ಕೆಲಸ," ಎನ್ನುತ್ತಿದ್ದ.

ಇಂಥವನು ಇಡೀ ವೃತ್ತಿಜೀವನದಲ್ಲಿ ಸೋತದ್ದು ಒಂದೇ ಒಂದು ಮನೆಯಲ್ಲಿ. ಹದಿನೈದು ವರ್ಷದ ಹಿಂದೆ, ಮೂಲೆಮನೆಯ ಒಬ್ಬ ಹೆಂಗಸಿನ ಹತ್ತಿರ. ಹನ್ನೊಂದು ಸಲ ಹೋದ, ಹನ್ನೊಂದು ಸಲವೂ ಬರಿಗೈಲಿ ಬಂದ. ಹನ್ನೆರಡನೆಯ ಸಲ ಹೋದಾಗ ಫಿಲ್ಟರಿನ ಮಾತು ಬಿಟ್ಟು ಮಗಳನ್ನು ಕೊಡುತ್ತೀರಾ ಎಂದು ಕೇಳಿದ. ಆಕೆ ಅದಕ್ಕೂ ಬೇಡ ಅಂದಳು. ಮಗಳು ಮಾತ್ರ ಬಾಗಿಲ ಹಿಂದಿನಿಂದ ಹೂಂ ಅಂದಳು. ಆ ಹೆಂಗಸು ಈಗ ಅವನ ಅತ್ತೆ, ಅವನ ಮನೆಯಲ್ಲೇ ಇದ್ದಾಳೆ. ಆ ಮನೆಯಲ್ಲಿ ಮೂರು ಫಿಲ್ಟರುಗಳಿವೆ. ಅತ್ತೆ ಇವತ್ತಿಗೂ ಕುದಿಸಿ ಆರಿಸಿದ ನೀರನ್ನೇ ಕುಡಿಯುತ್ತಾಳೆ.

ಗೋಂದುವಿಗೆ ಒಬ್ಬಳೇ ಮಗಳು. ಹದಿಮೂರು ವರ್ಷ. ಆಳು ಇಷ್ಟೇ ಇಷ್ಟು, ಆದರೆ ಕಾದರೆ ಸಿಡಿಯುತ್ತಾಳೆ. ಅದಕ್ಕೇ ಮನೆಯವರೆಲ್ಲ ಅವಳನ್ನು ಸಾಸಿವೆ ಎಂದು ಕರೆಯುತ್ತಿದ್ದರು.

ಸೋಮವಾರ ಸಾಸಿವೆ ಶಾಲೆಯಿಂದ ಒಂದು ಹಾಳೆ ತಂದಳು. ಮೇಲ್ಗಡೆ 'ಬೇಡ ಎನ್ನಲು ಕಲಿಯೋಣ' ಎಂದು ದಪ್ಪಕ್ಷರದಲ್ಲಿತ್ತು. ಪಾಲಕರು ಮಗುವಿನ ಸ್ನೇಹಿತನ ಪಾತ್ರ ವಹಿಸಬೇಕು. ಯಾವುದಾದರೂ ಚಿಕ್ಕ ವಸ್ತುವನ್ನು ಮಾದಕ ವಸ್ತು ಎಂದು ಭಾವಿಸಿ, ತೆಗೆದುಕೊಳ್ಳುವಂತೆ ಮಗುವನ್ನು ಒತ್ತಾಯಿಸಬೇಕು. ಮಗು ಕೆಳಗೆ ಕೊಟ್ಟ ವಾಕ್ಯಗಳಲ್ಲಿ ಒಂದನ್ನು ಬಳಸಿ ನಿರಾಕರಿಸಬೇಕು. ಹತ್ತು ನಿಮಿಷ. ಕೊನೆಯಲ್ಲಿ ಪಾಲಕರ ಸಹಿ.

ಬರೆದ ಪುಣ್ಯಾತ್ಮನಿಗೆ ಈ ಹಾಳೆ ಎಂಥ ಪಾಲಕರ ಕೈಗೆಲ್ಲ ಹೋಗಬಹುದು ಎಂಬ ಅಂದಾಜಿರಲಿಲ್ಲ.

ಸಾಸಿವೆಯ ಅಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು, ಆ ವಾರ ಬರುವುದು ಎಂಟಕ್ಕೆ. ಅಜ್ಜಿ ಒಳಗೆ ಮಲಗಿದ್ದಳು. ಗೋಂದು ಗೋಡೆಯ ಗಡಿಯಾರದಿಂದ ಪೆನ್ಸಿಲ್ ಸೆಲ್ಲು ತೆಗೆದು ಊಟದ ಮೇಜಿನ ಮೇಲಿಟ್ಟ.

"ತಗೋ, ಒಂದ್ಸಲ ಎಳೆದು ನೋಡು," ಅಂದ.

"ಬೇಡ. ನನ್ನ ಆರೋಗ್ಯ ನನಗೆ ಮುಖ್ಯ," ಎಂದು ಸಾಸಿವೆ ಹಾಳೆ ನೋಡಿ ಓದಿದಳು.

ಅಲ್ಲಿಗೇ ಸಹಿ ಹಾಕಿ ಎದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆರೋಗ್ಯ ಅವನ ಪುಸ್ತಕದಲ್ಲಿ ಆರನೆಯ ಕಾರಣ. ಅದನ್ನು ಕೇಳಿದ ಕೂಡಲೇ ಅವನ ಬೆನ್ನು ತಾನಾಗಿ ನೆಟ್ಟಗಾಯಿತು, ದನಿಯಲ್ಲಿ ಬೆಣ್ಣೆ ಇಳಿಯಿತು.

"ಮುಖ್ಯ ಅಲ್ವಾ ಮತ್ತೆ? ನಿನ್ನ ವಯಸ್ಸಲ್ಲಿ ಹೀಗೆ ಯೋಚನೆ ಮಾಡೋರು ಎಷ್ಟು ಜನ ಇದಾರೆ? ನಾನು ಎಲ್ಲರಿಗೂ ತೋರಿಸಲ್ಲ. ಯೋಚನೆ ಮಾಡೋರಿಗೆ ಮಾತ್ರ."

ಸಾಸಿವೆ ಹಾಳೆಯಲ್ಲಿ ಬೆರಳಿಟ್ಟು ಮುಂದಿನ ವಾಕ್ಯ ಹುಡುಕಿದಳು. "ಬೇಡ. ನನ್ನ ತಂದೆ ತಾಯಿ ಒಪ್ಪುವುದಿಲ್ಲ."

"ಒಪ್ಪಬಾರದು. ಒಳ್ಳೇ ಅಪ್ಪ ಅಮ್ಮ. ಅಮ್ಮ ಎಷ್ಟೊತ್ತಿಗೆ ಬರ್ತಾರೆ?"

"ಎಂಟಕ್ಕೆ."

"ಈಗೆಷ್ಟು?"

"ಆರೂವರೆ."

ಗೋಂದು ಏನೂ ಹೇಳಲಿಲ್ಲ. ಸುಮ್ಮನಿರಬೇಕಾದಲ್ಲಿ ಸುಮ್ಮನಿರುವುದು ಅವನ ಕಸುಬಿನ ದೊಡ್ಡ ವಿದ್ಯೆ. ಸಾಸಿವೆ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಸೆಲ್ಲು ನೋಡಿದಳು.

"ನಾಳೆ ನೋಡೋಣ," ಅಂದಳು.

"ನಾಳೆ ಬೆಳಗ್ಗೆನೋ, ಸಂಜೆನೋ?"

"ಸಂಜೆ," ಅಂದಳು ಸಾಸಿವೆ. ಅಂದ ಮೇಲೆ ಅವಳಿಗೇ ಏನೋ ಎಡವಟ್ಟಾಯಿತು ಅನ್ನಿಸಿರಬೇಕು, ಹುಬ್ಬು ಗಂಟಿಕ್ಕಿತು. ಆದರೆ ಅಪ್ಪ ಆಗಲೇ ಸೆಲ್ಲನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿ ಆಗಿತ್ತು. "ಸಂಜೆಗಂತಲೇ ಇಟ್ಕೊ. ಬೇಡ ಅನ್ನಿಸಿದ್ರೆ ವಾಪಸ್ ಕೊಡು."

ಸಾಸಿವೆ ಸೆಲ್ಲನ್ನು ತಿರುಗಿಸಿ ನೋಡಿ, "ನನ್ನ ಫ್ರೆಂಡಿಗೂ ಒಂದು ಸಿಗುತ್ತಾ?" ಎಂದು ಕೇಳಿದಳು.

ನಾಲ್ಕು ನಿಮಿಷ. ಗೋಂದುವಿಗೆ ಖುಷಿ ತಡೆಯಲಾಗಲಿಲ್ಲ. ಎದ್ದು ನಿಂತು ಕೈ ಕುಲುಕಿ, "ಒಳ್ಳೇ ನಿರ್ಧಾರ ಮಾಡಿದ್ರಿ, ಅಭಿನಂದನೆಗಳು," ಎಂದೇಬಿಟ್ಟ. ಕೈ ಕುಲುಕಿದ ಮೇಲೆ ಆ ಕೈ ಎಷ್ಟು ಪುಟ್ಟದು ಎಂಬುದು ಗೊತ್ತಾಯಿತು. ಕುರ್ಚಿಯಲ್ಲಿ ಕುಸಿದು ಕೂತ.

"ಇನ್ನೊಂದ್ಸಲ ಆಡೋಣ," ಅಂದ. "ಈ ಸಲ ಗಟ್ಟಿಯಾಗಿ ಹೇಳು."

ಈ ಸಲ ಗಟ್ಟಿಯಾಗಿ ಹೇಳಿ, ಆರು ನಿಮಿಷಕ್ಕೆ ಸೋತಳು. ಮಂಗಳವಾರ ನಾಲ್ಕು ಸಲ ಆಡಿದರು, ಬುಧವಾರ ಮೂರು ಸಲ. ಹಾಳೆಯ ವಾಕ್ಯಗಳು ಮುಗಿದು ಅವಳು ಸ್ವಂತ ಕಾರಣಗಳನ್ನು ತಂದಳು: ಹೋಂವರ್ಕಿದೆ, ಹಲ್ಲು ನೋವು, ಟೀಚರ್ ನೋಡ್ತಾರೆ. ಎಲ್ಲಕ್ಕೂ ಉತ್ತರವಿತ್ತು. ಪ್ರತಿ ಸಲವೂ ಗೋಂದು ಈ ಸಲ ಬಿಟ್ಟುಕೊಡಬೇಕು ಎಂದುಕೊಂಡೇ ಶುರು ಮಾಡುತ್ತಿದ್ದ. ಆದರೆ ಅಗಸನ ಎದುರು ಕೊಳೆಬಟ್ಟೆ ಬಿದ್ದ ಹಾಗೆ ಕಾರಣವೊಂದು ಎದುರಿಗೆ ಬಿದ್ದರೆ ಸಾಕು, ಕೈ ಸುಮ್ಮನಿರುತ್ತಿರಲಿಲ್ಲ.

ಬುಧವಾರ ಎಂಟೂ ಕಾಲಿಗೆ ಹೆಂಡತಿ ಹಾಳೆ ನೋಡಿದಳು. 'ಫಲಿತಾಂಶ' ಎಂಬಲ್ಲಿ ಸಾಸಿವೆ ದುಂಡಗೆ ಬರೆದಿದ್ದಳು: ಅಪ್ಪ 9, ನಾನು 0.

"ಏನ್ರೀ ಇದು?"

"ಅಭ್ಯಾಸ," ಅಂದ ಗೋಂದು.

"ಬೇಡ ಅನ್ನೋದು ಕಲಿಸಿ ಅಂತ ಶಾಲೆಯೋರು ಹಾಳೆ ಕೊಟ್ರೆ, ನೀವು ಮೂರು ದಿನದಿಂದ ಹೂಂ ಅನ್ನೋದು ಕಲಿಸ್ತಿದೀರಾ? ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು."

"ಆಟ ಕಣೇ."

"ಆಟ ಆಗಿದ್ರೆ ಒಂದ್ಸಲನಾದ್ರೂ ಸೋಲ್ತಿದ್ರಿ."

ಆ ಮಾತು ನಾಟಿತು. ಕೂಡಲೇ ಹತ್ತನೆಯ ಆಟ ನಡೆಯಿತು, ಹೆಂಡತಿಯ ಎದುರಲ್ಲೇ. ಗೋಂದು ಸೆಲ್ಲು ಚಾಚಿ, ಜ್ವರ ಬಂದವನ ದನಿಯಲ್ಲಿ, "ತಗೋತೀಯಾ?" ಅಂದ. ಸಾಸಿವೆ ಬೇಡ ಅಂದಳು. "ಸರಿ ಹಾಗಾದ್ರೆ, ನಾನು ಸೋತೆ," ಅಂದ.

ಸಾಸಿವೆ ಚಪ್ಪಾಳೆ ತಟ್ಟಲಿಲ್ಲ. ಅವಳ ಕಣ್ಣು ತುಂಬಿಕೊಂಡಿತು. "ನೀನು ಬೇಕಂತಲೇ ಸೋತೆ ಅಪ್ಪ. ಶನಿವಾರ ಅವರು ಬೇಕಂತ ಸೋಲಲ್ಲ."

"ಯಾವ ಶನಿವಾರ?" ಗಂಡ ಹೆಂಡತಿ ಒಟ್ಟಿಗೇ ಕೇಳಿದರು.

ಆಗ ವಿಷಯ ಹೊರಗೆ ಬಂತು. ಸಾಸಿವೆ ಆ ಶಾಲೆಗೆ ಸೇರಿ ವರ್ಷವೂ ಆಗಿಲ್ಲ. ಮೊದಲ ನಾಲ್ಕು ತಿಂಗಳು ಅವಳ ಜೊತೆ ಯಾರೂ ಮಾತಾಡಿರಲಿಲ್ಲ, ಊಟದ ಡಬ್ಬಿ ಬಿಚ್ಚುತ್ತಿದ್ದದ್ದು ನಲ್ಲಿಕಟ್ಟೆಯ ಪಕ್ಕ ಒಬ್ಬಳೇ ಕೂತು. ಆಮೇಲೆ ವಾಲಿಬಾಲ್ ತಂಡದಲ್ಲಿ ಜಾಗ ಸಿಕ್ಕಿತು. ತಂಡದ ನಾಯಕಿ ಎತ್ತರದ ಹುಡುಗಿ, ಎಲ್ಲರೂ ಅವಳನ್ನು ಏಣಿ ಅನ್ನುತ್ತಾರೆ. ಏಣಿ ಒಂದು ದಿನ "ಇಲ್ಲಿ ಬಾರೇ" ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅಂದಿನಿಂದ ಶಾಲೆ ಶಾಲೆಯ ಹಾಗೆ ಕಾಣತೊಡಗಿತು. ಈಗ ಆ ಏಣಿಗೆ ಎಲ್ಲಿಂದಲೋ ಒಂದು ಬ್ಯಾಟರಿ ಪೆನ್ನು ಸಿಕ್ಕಿದೆ. ಸ್ಟ್ರಾಬೆರಿ ವಾಸನೆ, ಒಳಗೆ ಏನೋ ಎಣ್ಣೆ, ಎಳೆದರೆ ತಲೆ ತೇಲುತ್ತದಂತೆ. ಶನಿವಾರ ಆಟ ಮುಗಿದ ಮೇಲೆ ಆಟದ ಸಾಮಾನಿನ ಕೋಣೆಯ ಹಿಂದೆ ಎಲ್ಲರೂ ಎಳೆಯುತ್ತಾರೆ. ಎರಡು ಶನಿವಾರ ಸಾಸಿವೆ ಹೊಟ್ಟೆನೋವು ಎಂದು ತಪ್ಪಿಸಿಕೊಂಡಿದ್ದಳು. ಮೂರನೆಯದಕ್ಕೆ ಹೊಟ್ಟೆನೋವು ನಡೆಯುವುದಿಲ್ಲ ಎಂದು ಮೊದಲೇ ಹೇಳಿದ್ದಾರೆ.

"ಹಾಳೆ ಬಂದಾಗ ನಂಗೆ ಖುಷಿ ಆಯ್ತು," ಅಂದಳು ಸಾಸಿವೆ. "ಅಪ್ಪನ್ನೇ ಗೆದ್ರೆ ಅವರನ್ನ ಗೆಲ್ಲೋದು ಸುಲಭ ಅಂತ. ಈಗ ಗೊತ್ತಾಯ್ತು, ನಂಗೆ ಬರಲ್ಲ."

ಮಗಳು ಜೀವ ಕೈಯಲ್ಲಿ ಹಿಡಿದು ಕಲಿಯಲು ಬಂದಿದ್ದಳು, ಗೋಂದು ಒಂಬತ್ತು ಸಲ ಅವಳ ಧೈರ್ಯವನ್ನೇ ಕಿತ್ತು ಕೈಗೆ ಕೊಟ್ಟಿದ್ದ.

"ನಾಳೆನೇ ಶಾಲೆಗೆ ಹೋಗ್ತೀನಿ. ಆ ತಂಡನೂ ಬೇಡ, ಏಣಿನೂ ಬೇಡ," ಎಂದು ಎದ್ದ.

"ಆಮೇಲೆ ಮತ್ತೆ ನಲ್ಲಿ ಹತ್ರ ಕೂರೋದು ನಾನು," ಅಂದಳು ಸಾಸಿವೆ. ಸಿಡಿಯಲಿಲ್ಲ, ಮೆಲ್ಲಗೆ ಅಂದಳು. ಎದ್ದಿದ್ದ ಗೋಂದು ಮತ್ತೆ ಕೂತ.

ಕೊನೆಗೆ ಹೆಂಡತಿಯೇ ತೀರ್ಮಾನ ಮಾಡಿದಳು. "ಶನಿವಾರ ಅವಳ ಮಾತು ಅವಳೇ ಹೇಳ್ಲಿ. ನೀವು ಹೊರಗೆ ರಸ್ತೇಲಿ ಇರಿ. ಸೋಮವಾರ ನಾನು ಕೋಚ್ ಮೇಡಂ ಹತ್ರ ಹೋಗಿ ಆ ಪೆನ್ನಿನ ವಿಚಾರ ಹೇಳ್ತೀನಿ, ಅದು ದೊಡ್ಡೋರ ಕೆಲಸ. ಆದ್ರೆ ಇವಳಿಗೆ ಬೇಡ ಅನ್ನೋದು ಯಾರಾದ್ರೂ ಸರಿಯಾಗಿ ಕಲಿಸ್ಬೇಕು. ನಿಮ್ಮಿಂದ ಆಗಲ್ಲ."

ಗೋಂದು ತಲೆ ತಗ್ಗಿಸಿದ. ಮನೆಯಲ್ಲಿ ಆ ವಿದ್ಯೆ ಬಲ್ಲವರು ಒಬ್ಬರೇ ಇದ್ದರು. ಹದಿನೈದು ವರ್ಷದಲ್ಲಿ ಅವನು ಅತ್ತೆಯನ್ನು ಊಟವಾಯಿತೇ, ಮಾತ್ರೆ ನುಂಗಿದಿರಾ ಎಂದು ಕೇಳಿದ್ದುಂಟು. ಕಲಿಸಿಕೊಡಿ ಎಂದು ಕೇಳಿರಲಿಲ್ಲ. ಕೇಳುವುದೆಂದರೆ ಮೀಸೆ ಮಣ್ಣಾದ ಹಾಗೆ.

ಗುರುವಾರ ಸಂಜೆ ಅತ್ತೆ ಊಟದ ಮೇಜಿನ ಮುಂದೆ ಬಟಾಣಿ ಸುಲಿಯುತ್ತಾ ಕೂತಿದ್ದಳು. ಗೋಂದು ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡ.

"ಅತ್ತೆ, ಅವತ್ತು ನೀವು ನನಗೆ ಹೇಗೆ ಬೇಡ ಅಂದ್ರಿ?"

"ಬೇಡ ಅಂತ ಅಂದೆ," ಅಂದಳು ಅತ್ತೆ.

"ಅದಲ್ಲ. ಸಾಸಿವೆಗೆ ಕಲಿಸ್ಬೇಕು."

ಅತ್ತೆ ವಿಷಯವೆಲ್ಲ ಕೇಳಿದಳು. ಆಮೇಲೆ, "ಕಲಿಸೋಕೆ ನನಗೆ ಬರಲ್ಲ. ನೀವು ಮಾರಿ, ಅವಳು ನೋಡ್ಲಿ," ಅಂದಳು.

ಗೋಂದುವಿನ ಮೈಯಲ್ಲಿ ಹಳೆಯ ರಕ್ತ ಹರಿಯಿತು. ಹದಿನೈದು ವರ್ಷ ಕಾದ ಪಂದ್ಯ. ಅಂಗಿಯ ತೋಳು ಮಡಿಸಿ, ಸೆಲ್ಲನ್ನು ಕರವಸ್ತ್ರದಿಂದ ಒರೆಸಿ ಮೇಜಿನ ಮೇಲೆ ನಿಲ್ಲಿಸಿದ. ಸಾಸಿವೆ ಸ್ಟೂಲು ಎಳೆದುಕೊಂಡು ಮೈಯೆಲ್ಲ ಕಣ್ಣಾಗಿ ಕೂತಳು. ಹೆಂಡತಿ ಅಂಗಡಿಗೆ ರಜೆ ಹಾಕಿರಲಿಲ್ಲ, ಆದರೆ ಬೇಗ ಬಂದಿದ್ದಳು.

"ಅತ್ತೆ, ಇದು ನಿಮಗಂತಲೇ ತಂದದ್ದು."

"ಬೇಡ. ಕೂತ್ಕೊಳಿ, ನೇರ ಕೂತ್ಕೊಳಿ, ಬೆನ್ನು ನೋಯುತ್ತೆ."

"ಯಾಕೆ ಬೇಡ ಅಂತ ಕೇಳಬಹುದಾ?"

"ಕೇಳಿ."

ಗೋಂದು ಕಾದ. ಅತ್ತೆ ಒಂದು ಸಿಪ್ಪೆ ಬಿಡಿಸಿ, ಕಾಳು ಬಟ್ಟಲಿಗೆ ಹಾಕಿ, ಇನ್ನೊಂದು ಎತ್ತಿಕೊಂಡಳು. ಕೇಳಲು ಅನುಮತಿ ಕೊಟ್ಟಿದ್ದಳೇ ಹೊರತು ಉತ್ತರ ಕೊಡುವುದಾಗಿ ಹೇಳಿರಲಿಲ್ಲ.

"ಯಾಕೆ ಬೇಡ?"

"ಬೇಡ."

"ಎಲ್ಲರ ಮನೇಲೂ ತಗೊಂಡಿದಾರೆ."

"ಹೌದಾ, ಒಳ್ಳೇದಾಯ್ತು. ನನಗೆ ಬೇಡ."

"ನಿಮಗೆ ಹೆದರಿಕೆ."

"ಇರಬಹುದು. ಬೇಡ. ನೀರು ಕುಡೀತೀರಾ?"

ಏಳನೆಯ ಬೇಡ ದಾಟಿತು. ಒಂಬತ್ತು ದಾಟಿತು. ಗೋಂದು ಹೊಗಳಿದ, ಕೆಣಕಿದ, ನಕ್ಕ, ನಿಟ್ಟುಸಿರು ಬಿಟ್ಟ, ತನ್ನ ದೊಡ್ಡ ವಿದ್ಯೆಯಾದ ಮೌನವನ್ನೂ ಪ್ರಯೋಗಿಸಿದ. ಅತ್ತೆಗೆ ಮೌನ ಹಿತವಾಗಿತ್ತು, ಅವಳು ಅದರಲ್ಲಿ ಇಪ್ಪತ್ತು ಬಟಾಣಿ ಸುಲಿದಳು. ಕಾರಣ ಒಂದು, ಒಂದೇ ಒಂದು ಕಾರಣ ಸಿಕ್ಕಿದ್ದರೆ ಹಿಡಿದುಕೊಂಡು ಎತ್ತುತ್ತಿದ್ದ. ಹಿಡಿಯೇ ಇಲ್ಲದ ಪಾತ್ರೆ, ಬಿಸಿಯಾಗಿಯೂ ಇಲ್ಲ, ತಣ್ಣಗೂ ಇಲ್ಲ. ಹದಿಮೂರನೆಯ ಬೇಡದ ಹೊತ್ತಿಗೆ ನೋಡಿದರೆ ಗೋಂದು ತನಗೇ ತಿಳಿಯದೆ ಬಟಾಣಿ ಸುಲಿಯುತ್ತಿದ್ದ.

"ಅಪ್ಪಾ," ಅಂದಳು ಸಾಸಿವೆ, "ಅಜ್ಜಿ ನಿನಗೆ ಕೆಲಸ ಹಚ್ಚಿಬಿಟ್ಲು."

ಹೆಂಡತಿ ಸೆರಗಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಗೋಂದು ಇಂಗು ತಿಂದ ಮಂಗನಂತೆ ಕೈಯಲ್ಲಿದ್ದ ಸಿಪ್ಪೆಯನ್ನೇ ನೋಡಿದ.

"ಅಜ್ಜಿ, ಕಾರಣ ಯಾಕೆ ಹೇಳಲ್ಲ ನೀನು?" ಸಾಸಿವೆ ಕೇಳಿದಳು.

"ಯಾಕೆ ಹೇಳ್ಬೇಕು? ಬೇಡ ಅನ್ನಿಸ್ತು, ಬೇಡ ಅಂದೆ. ಅವರನ್ನ ಒಪ್ಪಿಸೋದು ನನ್ನ ಕೆಲಸ ಅಲ್ಲ."

"ಅವರಿಗೆ ಕೋಪ ಬಂದ್ರೆ?"

"ಬರ್ಲಿ. ಆದ್ರೆ ನಾನು ಕೋಪ ಮಾಡ್ಕೊಳಲ್ಲ. ನಿಮ್ಮಪ್ಪ ಹನ್ನೊಂದು ಸಲ ಬಂದ್ರಲ್ಲ, ಹನ್ನೊಂದು ಸಲನೂ ಕುರ್ಚಿ ಹಾಕಿ ಕೂರಿಸಿದೀನಿ, ಬಿಸಿಲಲ್ಲಿ ಬಂದಿದಾರೆ ಅಂತ ನೀರು ಕೊಟ್ಟಿದೀನಿ. ಫಿಲ್ಟರ್ ಬೇಡ ಅಂದೆ. ಮನುಷ್ಯ ಬೇಡ ಅಂತ ಅನ್ನಲಿಲ್ಲ. ಕುರ್ಚಿ ಬೇರೆ, ಫಿಲ್ಟರ್ ಬೇರೆ."

ಗೋಂದು ತಲೆಯೆತ್ತಿದ. ಅದು ನಿಜವಾಗಿತ್ತು. ಆ ಮನೆಗೆ ಮತ್ತೆ ಮತ್ತೆ ಹೋಗುತ್ತಿದ್ದದ್ದು ಬರೀ ಹಟಕ್ಕೆ ಎಂದುಕೊಂಡಿದ್ದ. ಇಡೀ ಬೀದಿಯಲ್ಲಿ ಕೂತ್ಕೊಳಿ ಅಂದವರು ಬೇರೆ ಯಾರೂ ಇರಲಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

"ಅಂದ್ರೆ ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು," ಅಂದಳು ಹೆಂಡತಿ.

"ಒಂದೊಂದ್ಸಲ ಕೋಲು ಮುರಿಯುತ್ತೆ," ಅಂದಳು ಅತ್ತೆ. "ಸುಳ್ಳು ಯಾಕೆ ಹೇಳ್ಲಿ ಮಗೂಗೆ. ನೀನು ಕುರ್ಚಿ ಹಾಕಿದ್ರೂ ಕೂರದೆ ಹೋಗೋರು ಇರ್ತಾರೆ."

ಶುಕ್ರವಾರ ಸಂಜೆ ಅಪ್ಪ ಮಗಳ ಕೊನೆಯ ಆಟ. ಗೋಂದು ಈ ಸಲ ಬಿಟ್ಟುಕೊಡುವುದಿಲ್ಲ ಎಂದು ನಿರ್ಧರಿಸಿದ್ದ. ಸುಳ್ಳು ಸೋಲಿನ ಬೆಲೆ ಅವನಿಗೆ ಗೊತ್ತಾಗಿತ್ತು. ಸಾಸಿವೆಯೂ ಮೊದಲಿನ ಸಾಸಿವೆಯಲ್ಲ. ಹಾಳೆ ಬದಿಗಿಟ್ಟಿದ್ದಳು. ಬೇಡ, ಬೇಡ, ಹೌದಾ, ಆದ್ರೂ ಬೇಡ, ಇವತ್ತು ನೀನು ಸರ್ವಿಸ್ ಚೆನ್ನಾಗಿ ಹೊಡೆದೆ ಕಣೇ, ಬೇಡ. ಎಂಟನೆಯ ಬೇಡವೂ ದಾಟಿತು. ಗೋಂದುವಿನ ಹಣೆ ಬೆವರಿತು. ಅವನ ಹತ್ತಿರ ಉಳಿದಿದ್ದದ್ದು ಒಂದೇ ಅಸ್ತ್ರ. ಅದನ್ನು ಬಳಸಬಾರದು ಎಂದು ಮನಸ್ಸು ಹೇಳಿತು, ನಾಳೆ ಅವರು ಅದನ್ನೇ ಬಳಸುತ್ತಾರೆ ಎಂದು ಕಸುಬು ಹೇಳಿತು.

"ಹಾಗಾದ್ರೆ ನಾಳೆಯಿಂದ ನಮ್ಮ ಜೊತೆ ಕೂರಬೇಡ," ಅಂದ. "ನಲ್ಲಿ ಹತ್ರ ಒಬ್ಬಳೇ ಕೂತ್ಕೊಂಡು ಊಟ ಮಾಡು."

ಸಾಸಿವೆಯ ಕೈ ಮೇಜಿನ ಮೇಲೆ ಬಂತು, ಸೆಲ್ಲಿನ ಹತ್ತಿರಕ್ಕೆ ಹೋಯಿತು, ಅಲ್ಲೇ ನಿಂತಿತು.

"ಬೇಡ," ಅಂದಳು. ಕಣ್ಣೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳಲಿಲ್ಲ.

ಅಷ್ಟು ವರ್ಷ ಅಷ್ಟು ಬಾಗಿಲುಗಳನ್ನು ಗೆದ್ದರೂ ಬಾರದ ಸಂತೋಷ ಅವತ್ತು ಸೋತಾಗ ಬಂತು. ಜೊತೆಗೇ ನಾಚಿಕೆಯೂ ಬಂತು. ಆ ಮಾತು ಆಡಿದ ನಾಲಿಗೆಯನ್ನು ಕಿತ್ತು ಹೊರಗಿಡಬೇಕು ಅನ್ನಿಸಿತು.

ಶನಿವಾರ ನಾಲ್ಕು ಗಂಟೆಗೆ ಗೋಂದು ಶಾಲೆಯ ಮೈದಾನದ ಎದುರು ರಸ್ತೆಯಲ್ಲಿದ್ದ. ಸುಮ್ಮನೆ ನಿಂತರೆ ಅನುಮಾನ ಬರುತ್ತದೆಂದು ಕಂಪನಿಯ ಬ್ಯಾಗು ಹೆಗಲಿಗೇರಿಸಿಕೊಂಡು ಬಂದಿದ್ದ. ಬ್ಯಾಗಿದ್ದ ಮೇಲೆ ಬೆಲ್ಲು ಒತ್ತಲೇಬೇಕು. ಒಂದು ಮನೆಯ ಬೆಲ್ಲು ಒತ್ತಿ, ಬೆನ್ನು ಬಾಗಿಲಿಗೆ, ಮುಖ ಮೈದಾನಕ್ಕೆ ಮಾಡಿ ನಿಂತ. ನಿವೃತ್ತ ಮೇಷ್ಟರಂತೆ ಕಾಣುವ ಒಬ್ಬ ಮುದುಕರು ಬಾಗಿಲು ತೆಗೆದರು.

"ಬೇಡ," ಅಂದರು.

"ಸರಿ ಸಾರ್," ಎಂದು ಗೋಂದು ಮೆಟ್ಟಿಲಿಳಿದ.

ಮುದುಕರು ಒಂದು ಗಳಿಗೆ ಹಾಗೇ ನಿಂತು, ಚಪ್ಪಲಿ ಹಾಕಿಕೊಂಡು ಹೊರಗೇ ಬಂದರು. "ನಿಲ್ರೀ. ಹೋದ ವರ್ಷ ಬಂದು ಒಂದೂವರೆ ಗಂಟೆ ಕೂತು ಫಿಲ್ಟರ್ ಮಾರಿ ಹೋದೋರು ನೀವೇ ಅಲ್ವಾ? ಇವತ್ತೇನು ಒಂದೇ ಮಾತಿಗೆ ಹೊರಟ್ರಿ? ಏನಾದ್ರೂ ಹೊಸ ಮಾಡೆಲ್ಲಾ? ಸ್ಟಾಕ್ ಇಲ್ವಾ?"

"ಬೇಡ ಬಿಡಿ ಸಾರ್," ಅಂದ ಗೋಂದು, ಮೈದಾನದ ಗೇಟಿನಿಂದ ಕಣ್ಣು ಕೀಳದೆ.

"ಅಲ್ರೀ, ತೋರಿಸೋಕೇನು ಕಷ್ಟ?"

"ಬೇಡ ಸಾರ್."

ಮುದುಕರು ಇನ್ನೂ ಏನೋ ಕೇಳುತ್ತಿದ್ದರು. ಅಷ್ಟರಲ್ಲಿ ಸಾಸಿವೆ ಗೇಟಿನಿಂದ ಹೊರಗೆ ಬಂದಳು, ಒಬ್ಬಳೇ. ಬ್ಯಾಗು ನೆಲಕ್ಕೆ ಎಳೆಯುತ್ತಿತ್ತು. ಗೋಂದು ಮುದುಕರನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದ.

ಅವನು ತಲುಪುವ ಮೊದಲೇ ಹಿಂದಿನಿಂದ ಎತ್ತರದ ಹುಡುಗಿಯೊಬ್ಬಳು ಓಡಿಬಂದಳು. ಏಣಿ ಎಂದು ಹೇಳಿಕೊಡಬೇಕಾಗಿರಲಿಲ್ಲ. ಕೈಯಲ್ಲಿ ಸಾಸಿವೆಯ ಮಂಡಿಪಟ್ಟಿ ಇತ್ತು.

"ಇದನ್ನ ಮರೆತು ಬಂದಿದೀಯ," ಎಂದು ಕೊಟ್ಟಳು.

"ಥ್ಯಾಂಕ್ಸ್. ಸೋಮವಾರ ಪ್ರಾಕ್ಟೀಸಿಗೆ ಬರ್ತೀನಿ," ಅಂದಳು ಸಾಸಿವೆ.

ಏಣಿ ಹಿಂದೆ ತಿರುಗಿ ನೋಡಿದಳು. ಗೇಟಿನ ಹತ್ತಿರ ಉಳಿದವರು ಕಾಯುತ್ತಿದ್ದರು. "ಬಾ ಬೇಕಾದ್ರೆ," ಎಂದಷ್ಟೇ ಹೇಳಿ ಹೋದಳು. ಅದು ಕರೆದದ್ದೋ ಅಟ್ಟಿದ್ದೋ ಗೋಂದುವಿಗೂ ತಿಳಿಯಲಿಲ್ಲ. ಅವನಿಗೆ ತಿಳಿಯದ ದನಿ ಅಪರೂಪ.

"ಏನಾಯ್ತೇ?"

"ಹನ್ನೊಂದು ಸಲ ಕೇಳಿದ್ರು," ಅಂದಳು ಸಾಸಿವೆ. "ಹತ್ತು ಸಲ ಸರಿಯಾಗಿ ಬೇಡ ಅಂದೆ. ಹನ್ನೊಂದನೇ ಸಲ ನೀನು ಹೇಳಿದ್ದನ್ನೇ ಹೇಳಿದ್ರು, ನಲ್ಲಿ ವಿಷಯ. ಅಳು ಬಂತು. ಅಳ್ತಾನೇ ಬೇಡ ಅಂದೆ. ಅವರು ನಕ್ರು."

ಗೋಂದುವಿನ ಬಾಯಿ ತೆರೆಯಿತು. ಅದರೊಳಗೆ ಎಲ್ಲ ಸಿದ್ಧವಾಗಿತ್ತು. "ನೋಡು ಮಗಳೇ, ಇಂಥ ಫ್ರೆಂಡ್ಸ್ ಹೋದ್ರೆ ಒಳ್ಳೇದೇ ಆಯ್ತು. ಒಂದು ತಿಂಗಳು, ಹೆಚ್ಚಂದ್ರೆ ಎರಡು, ನಿನಗೆ ಎಂಥೆಂಥಾ ಹೊಸ ಗೆಳತಿಯರು ಸಿಗ್ತಾರೆ ಅಂದ್ರೆ, ಆಮೇಲೆ ನೀನೇ..."

"ಅಪ್ಪ," ಅಂದಳು ಸಾಸಿವೆ, "ಮಾರಬೇಡ."

ಗೋಂದು ನಿಂತುಬಿಟ್ಟ.

"ಸೋಮವಾರ ನಾನು ಒಬ್ಬಳೇ ಊಟ ಮಾಡಬೇಕಾಗಬಹುದು. ನಂಗೊತ್ತು. ನೀನು ಸುಮ್ನೆ ಬ್ಯಾಗ್ ಹಿಡ್ಕೊ."

ಗೋಂದು ಬ್ಯಾಗು ಹಿಡಿದುಕೊಂಡ. ಒಂದು ಹೆಗಲಿಗೆ ಫಿಲ್ಟರಿನ ಬ್ಯಾಗು, ಇನ್ನೊಂದಕ್ಕೆ ಮಗಳದ್ದು. ಇಬ್ಬರೂ ಮನೆಯ ಕಡೆ ನಡೆದರು. ಔಷಧಿ ಅಂಗಡಿಯ ಹತ್ತಿರ ಅವನಿಗೊಂದು ಒಳ್ಳೆಯ ಮಾತು ಹೊಳೆಯಿತು, ಬಾಯಿ ತೆರೆದ. ಸಾಸಿವೆ ನೋಡಿದಳು. ಮುಚ್ಚಿದ. ಬಸ್ ನಿಲ್ದಾಣದ ಹತ್ತಿರ ಅದಕ್ಕಿಂತ ಒಳ್ಳೆಯದೊಂದು ಹೊಳೆಯಿತು. ತೆರೆದ, ಮುಚ್ಚಿದ. ಸೇತುವೆ ದಾಟುವಾಗ ಹೊಳೆದದ್ದಂತೂ ಕಲ್ಲನ್ನೂ ಕರಗಿಸುವಂಥದ್ದು. ಅದನ್ನೂ ನುಂಗಿದ. ಮಗಳ ದುಃಖದ ಪಕ್ಕದಲ್ಲಿ ಅದಕ್ಕೆ ಏನೂ ಮಾಡದೆ ನಡೆಯುವಷ್ಟು ಕಷ್ಟದ ಕೆಲಸವನ್ನು ಅವನು ಜೀವನದಲ್ಲಿ ಮಾಡಿರಲಿಲ್ಲ.

ತಮ್ಮ ಬೀದಿಯ ತಿರುವಿನಲ್ಲಿ ಸಾಸಿವೆ ಅವನ ಅಂಗಿಯ ತುದಿ ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

"ಪರವಾಗಿಲ್ಲ ಅಪ್ಪ," ಅಂದಳು, "ಕಲೀತಿದೀಯ."

ಆಮೇಲೆ ಅಲ್ಲೇ, ರಸ್ತೆಯಲ್ಲೇ, ಅವನ ತೋಳಿಗೆ ಮುಖ ಒತ್ತಿ ಜೋರಾಗಿ ಅತ್ತಳು. ಗೋಂದು ಎರಡೂ ಬ್ಯಾಗುಗಳನ್ನು ನೆಲಕ್ಕಿಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟ, ಒಂದು ಮಾತೂ ಆಡಲಿಲ್ಲ.